ಕರೆಂಟು ಬಂದಾಗ ನುಂಗುವ ಮಾತ್ರೆ

ನಾನು ಹೆಮ್ಮೆಯ ಹೆಂಗಸು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಓದುವವರಿಗೂ ಸಲೀಸು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು, ಈಗ ಮದ್ದೂರಿನಲ್ಲಿ ನೆಲೆಸಿದ್ದೇನೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರೂಕಾಲಿಗೆ ನನ್ನ ಬಿ.ಪಿ. ಮಾತ್ರೆ. ಹಾಸಿಗೆಯ ಹೊದಿಕೆಯ ಮೂಲೆಗಳನ್ನು ಈಗಲೂ ವಾರ್ಡಿನಲ್ಲಿ ಮಡಿಸಿದಂತೆಯೇ ಮಡಿಸುತ್ತೇನೆ; ಬಂದು ನೋಡಲು ಮೇಟ್ರನ್ ಇಲ್ಲ ಎಂಬುದೊಂದೇ ಕೊರತೆ.

ಹೀಗಿರುವಾಗ ಮಂಡ್ಯದ ಒಂದು ತಂಡದವರು ಬಂದು, ಹಳ್ಳಿಯ ಬಿ.ಪಿ. ರೋಗಿಗಳಿಗೆ ಮೊಬೈಲಿನಲ್ಲಿ ಮಾತ್ರೆಯ ನೆನಪು ಮಾಡುವ ಯೋಜನೆಗೆ ನನ್ನ ಸಲಹೆ ಕೇಳಿದರು. ಗಡಿಯಾರದ ಕೆಲಸ ನನ್ನದಲ್ಲದೆ ಇನ್ನಾರದೆಂದು ಒಪ್ಪಿಕೊಂಡೆ. ನನ್ನ ಪಾಲಿಗೆ ಬಂದವನು ಪೂರಿಗಾಲಿಯ ರೈತ ಚಿಕ್ಕಣ್ಣ. ಅವನ ಅಣ್ಣ ಮಾತ್ರೆ ಬಿಟ್ಟು, ಲಕ್ವ ಹೊಡೆದು, ಬಲಗೈ ಸ್ವಾಧೀನ ಕಳೆದುಕೊಂಡಿದ್ದ. ಇವನಿಗೂ ಹಾಗೇ ಆದೀತೆಂದು ಹೆಂಡತಿ ಜಯಮ್ಮ ಹೆದರಿದ್ದಳು.

ದಿನಾ ಬೆಳಿಗ್ಗೆ ಎಂಟಕ್ಕೆ ಚಿಕ್ಕಣ್ಣನ ಫೋನು ಬಡಿದುಕೊಂಡು, "ಮಾತ್ರೆ ತೆಗೆದುಕೊಂಡಿದ್ದರೆ ಒಂದನ್ನು ಒತ್ತಿ" ಎನ್ನುತ್ತಿತ್ತು. ಅವನು ತಪ್ಪದೆ ಒತ್ತುತ್ತಿದ್ದ. ತಂಡದ ಕಂಪ್ಯೂಟರಿನಲ್ಲಿ ಅವನಷ್ಟು ವಿಧೇಯ ರೋಗಿ ಇನ್ನೊಬ್ಬನಿರಲಿಲ್ಲ. ನಾನು ಪೂರಿಗಾಲಿಗೆ ಹೋಗಿ ನೋಡಿದರೆ ಮಾತ್ರೆಯ ಪಟ್ಟಿ ಒಂದೂ ಕಡಿಮೆಯಾಗದೆ ಹೊಸ ಮದುವಣಗಿತ್ತಿಯಂತೆ ಗೋಡೆಯ ಗೂಡಿನಲ್ಲಿ ಕೂತಿತ್ತು.

"ಒಂದು ಒತ್ತುದ್ರೆ ಅದು ಸುಮ್ಕಾಯ್ತದೆ ಸಿಸ್ಟ್ರಮ್ಮ" ಎಂದ ಚಿಕ್ಕಣ್ಣ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗದ್ದೆಯ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾನೆ. ಕರೆಂಟು ಬಂದೊಡನೆ ಅದೇ ಫೋನ್ ಮಾಡಿ ತಿಳಿಸುತ್ತದೆ. ಬಾಯಲ್ಲಿದ್ದ ಮಾತು ಬಾಯಲ್ಲೇ ಬಿಟ್ಟು ಹಾರಿ ಎತ್ತಿಕೊಂಡ.

"ಅದಕ್ಕೆ ಹಾರ್ತೀಯ, ಮಾತ್ರೆಯ ಕರೆಗೆ ಹಾರಲ್ಲ?"

"ಅಯ್ಯೋ ಬುಡಿ, ಅದು ದಿನಾ ಬತ್ತದೆ. ಕರೆಂಟು ದಿನಾ ಬತ್ತದಾ?"

ನನಗೆ ಜ್ಞಾನೋದಯವಾಯಿತು. "ಹಾಗಾದರೆ ಕರೆಂಟಿನ ಕರೆ ಬಂದಾಗಲೇ ಮಾತ್ರೆ ನುಂಗು" ಎಂದೆ. ಮದ್ದೂರಿಗೆ ವಾಪಸಾಗುವ ಬಸ್ಸಿನಲ್ಲಿ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಮೂರನೇ ದಿನ ಜಯಮ್ಮ ಫೋನ್ ಮಾಡಿದಳು. ಅಂದು ಕರೆಂಟು ಎರಡು ಸಲ ಬಂದಿತ್ತು. ಚಿಕ್ಕಣ್ಣನೂ ಎರಡು ಮಾತ್ರೆ ನುಂಗಿ, ತಲೆ ತಿರುಗಿ, ಬದುವಿನ ಮೇಲೆ ಕುಳಿತುಬಿಟ್ಟಿದ್ದ. ಡಾಕ್ಟರು ನೋಡಿ ಭಯವಿಲ್ಲವೆಂದರಂತೆ.

"ನೀವೇ ಏಳುದ್ರಲ್ಲ!" ಎಂದು ಹಿಂದಿನಿಂದ ಅವನ ದನಿ.

"ಸುಮ್ಕಿರು ನೀನು! ಪುಣ್ಯಕ್ಕೆ ಮೂರ್ನೆ ಸಲ ಬರ್ನಿಲ್ಲ ಸಿಸ್ಟ್ರಮ್ಮ. ಬಂದಿದ್ರೆ ಪಟ್ಟೀನೇ ನುಂಗ್ಬುಡೋನು."

ವಾರ್ಡಿನಲ್ಲಿ ಎಂದೂ ಮಾಡದ ತಪ್ಪನ್ನು ಪೂರಿಗಾಲಿಯಲ್ಲಿ ಮಾಡಿದ್ದೆ: ದಿನಕ್ಕೆ ಒಂದೇ ಎಂದು ಹೇಳಿರಲಿಲ್ಲ. ಮರುದಿನವೇ ಹೋಗಿ ತಪ್ಪೊಪ್ಪಿಕೊಂಡು, ಅಲ್ಲೇ ಕುಳಿತು ಅವರ ದಿನಚರಿಯನ್ನು ಗಮನಿಸಿದೆ. ಆ ಮನೆಯಲ್ಲಿ ಗಡಿಯಾರದಂತೆ ನಡೆಯುವುದು ಒಂದೇ: ಬೆಳಿಗ್ಗೆ ಡೈರಿಗೆ ಹಾಲು ಹಾಕುವುದು. ತಡವಾದರೆ ಡೈರಿ ಬಾಗಿಲು ಹಾಕುತ್ತದೆ. ಮಾತ್ರೆಯನ್ನು ಹಾಲಿನ ಕ್ಯಾನಿನ ಪಕ್ಕದಲ್ಲಿಡಿಸಿದೆ. ನುಂಗಿ, ಹಾಲು ಹಾಕಿ, ನನಗೊಂದು ಮಿಸ್ ಕಾಲ್. ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ನನ್ನ ಭಾಷಣವನ್ನು ನಿಲ್ಲಿಸಲು ಯಾವ ಗುಂಡಿಯೂ ಇಲ್ಲ.

"ಅಂಗಾದ್ರೆ ನೀವೂ ನುಂಗಿ ನಂಗೊಂದು ಮಿಸ್ ಕಾಲ್ ಕೊಡಿ. ನಿಮ್ದೂ ಬೀಪೀನೇ ತಾನೆ?" ಎಂದಳು ಜಯಮ್ಮ. ನಕ್ಕು, ಮರ್ಯಾದೆಗೆ ಒಪ್ಪಿಕೊಂಡೆ.

ತಂಡದವರ ಯೋಜನೆ ಮುಗಿದು, ಎಂಟು ಗಂಟೆಯ ಆ ಕರೆ ನಿಂತುಹೋಯಿತು. ಚಿಕ್ಕಣ್ಣನ ಮಿಸ್ ಕಾಲ್ ಮಾತ್ರ ನಿಂತಿಲ್ಲ. ಅವನ ಬಿ.ಪಿ. ಹತೋಟಿಗೆ ಬಂದಿದೆ, ಎರಡು ಕೈಯಲ್ಲೂ ಹಾಲು ಕರೆಯುತ್ತಾನೆ. ಬಳಸುವವರ ದಿನಚರಿಗೆ ಕಟ್ಟಿದ್ದು ಉಳಿಯುತ್ತದೆ, ನಮ್ಮ ದಿನಚರಿಗೆ ಕಟ್ಟಿದ್ದು ಬಿಚ್ಚಿಕೊಳ್ಳುತ್ತದೆ ಎಂದು ಲೋಕಕ್ಕೆ ತಿಳಿಸೋಣವೆಂದು ಇವತ್ತು ಸ್ನಾನವಾದೊಡನೆ ಇದನ್ನು ಬರೆಯಲು ಕುಳಿತೆ. ಈ ವಾಕ್ಯಕ್ಕೆ ಬರುವಷ್ಟರಲ್ಲಿ ಜಯಮ್ಮನ ಫೋನು ಬಂತು. ನನ್ನ ಆರೂಕಾಲು ದಾಟಿ ಏಳು ಗಂಟೆಯಾಗಿತ್ತು.

"ಯಾಕ್ ಸಿಸ್ಟ್ರಮ್ಮ, ಇವತ್ತು ನಿಮ್ ಮಿಸ್ ಕಾಲು ಬರ್ನಿಲ್ಲ? ನುಂಗುದ್ರಾ?"

"ಏನೋ ಬರೀತಾ ಕೂತಿದ್ದೆ ಕಣಮ್ಮ..."

"ಏನ್ ಬರೀತಿದ್ರಿ?"

ಬರೆದ ಹಾಳೆಯನ್ನು ಮಗುಚಿಟ್ಟೆ.

"ಫೋನ್ ಹಿಡ್ಕಂಡೇ ಇರ್ತೀನಿ. ಓಗಿ ನುಂಗ್ ಬನ್ನಿ."

ಎದ್ದು ಹೋದೆ. ಮೇಟ್ರನ್ ಇಲ್ಲ ಎಂಬ ಕೊರತೆಯೂ ನೀಗಿತು.