ಬಸಣ್ಣನ ಬ್ಯಾನಿ ನಾನು ಮುಚ್ಚಿಟ್ಟದ್ದು

ಗುಟ್ಟು ಕಾಯಲು ನನ್ನಂಥ ಯೋಗ್ಯ ಮನುಷ್ಯ ಇಡೀ ಭಾಲ್ಕಿಯಲ್ಲಿಲ್ಲ ಎಂದು ನಾನು ನಂಬಿದ್ದ ಕಾಲವದು. ಪೊಲೀಸ್ ಆ್ಯಕ್ಷನ್ ಮುಗಿದ ಹೊಸತು. ಯಾರ ಕೈಯಲ್ಲಿ ಹೆಸರಿನ ಪಟ್ಟಿ ಕಂಡರೂ, ಹಿಡಿದೊಯ್ಯುವವರ ಪಟ್ಟಿಯೇನೋ ಎಂದು ಜನ ಬೆದರುತ್ತಿದ್ದರು. ನಾನು ದವಾಖಾನೆಯ ಕಂಪೌಂಡರ್. ಡಾಕ್ಟರ್ ಸಾಹೇಬರು ಔಷಧಿ ತರಲು ಬೀದರಿಗೆ ಹೊರಟಾಗ ರೋಗಿಗಳ ರಿಜಿಸ್ಟರು ನನ್ನ ಕೈಗಿಟ್ಟು, "ಯಾರಿಗಿ ಏನು ಬ್ಯಾನಿ ಅಂತ ಯಾರಿಗೂ ಹೇಳಬ್ಯಾಡ," ಎಂದರು.

"ಜೀವ ಹೋದ್ರೂ ಹೇಳಂಗಿಲ್ರಿ!"

ಮರುದಿನವೇ ಹಲಬರ್ಗಾದ ಶರಣಪ್ಪನವರು ಬಂದರು. ಅವರ ಮಗಳನ್ನು ಖಟಕ ಚಿಂಚೋಳಿಯ ಬಸಣ್ಣನಿಗೆ ಕೊಡುವ ಮಾತು ನಡೆದಿತ್ತು.

"ಬಸಣ್ಣ ನಿಮ್ಮ ದವಾಖಾನಿಗಿ ಬಂದಿದ್ನಂತಲ್ರಿ. ಏನಾಗಿತ್ರಿ?"

"ಹೇಳಂಗಿಲ್ರಿ."

ಅವರ ಮುಖ ಬಾಡಿತು. "ಹೇಳಬಾರದಂಥಾದ್ದೇನ್ರಿ?"

ನನಗೆ ಮರುಕ ಬಂತು. ಗುಟ್ಟೂ ಬಿಟ್ಟುಕೊಡದೆ ಧೈರ್ಯವನ್ನೂ ಹೇಳುವ ಉಪಾಯ ಹೊಳೆಯಿತು!

"ಹೆದರಬ್ಯಾಡ್ರಿ. ಕ್ಷಯ ಅಲ್ರಿ. ಮೂರ್ಛಿ ಅಲ್ರಿ. ಕುಷ್ಠ ಅಂತೂ ಅಲ್ವೇ ಅಲ್ರಿ!"

ಶರಣಪ್ಪನವರು ಶರಣು ಎನ್ನುವುದನ್ನೂ ಮರೆತು ಎದ್ದು ಹೋದರು.

ಸಂಜೆ ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರಿ, ಆ ಹುಡುಗಗ ಕ್ಷಯ, ಮೂರ್ಛಿ, ಕುಷ್ಠ ಮೂರೂ ಅದಾವಂತ?"

"ಯಾರಂದ್ರು?"

"ನೀವೇ ಅಂದ್ರಿ ಅಂತ ಓಣಿ ತುಂಬ ಹೇಳ್ಲಕತ್ತಾರ!"

"ಇಲ್ಲ ಅಂತ ಹೇಳೀನಿ ನಾ!"

"ಕೇಳದಿದ್ದದ್ದು ಯಾಕ ಇಲ್ಲ ಅನ್ನಾಕ ಹೋದ್ರಿ?"

ನಾನು ಉಂಡು ಮಲಗಿದೆ.

ಬೆಳಿಗ್ಗೆ ಬಸಣ್ಣನೇ ತಾಯಿಯೊಂದಿಗೆ ಬಂದ. ಹಿಂದೆ ಅರ್ಧ ಓಣಿ.

"ಕಾಲಾಗ ಮುಳ್ಳು ನಟ್ಟಿತ್ತು ಅಂದ್ರ ಯಾರೂ ನಂಬವಲ್ರು. ಸಂಬಂಧ ಮುರೀಲಕತ್ತೇದ. ನೀವರೆ ಹೇಳ್ರಿ!"

ನಾನು ಗೊಂದಲಕ್ಕೆ ಬಿದ್ದೆ. 'ಯಾರಿಗೂ' ಎಂದರೆ ಅದರಲ್ಲಿ ರೋಗಿಯೂ ಸೇರಿದನೋ ಇಲ್ಲವೋ? ಸಾಹೇಬರು ಬಿಡಿಸಿ ಹೇಳಿರಲಿಲ್ಲ. ಸಂಶಯ ಬಂದಾಗ ಬಿಗಿಯಾಗಿರುವುದೇ ಕ್ಷೇಮವೆಂದು ತೀರ್ಮಾನಿಸಿದೆ.

"ಹೇಳಂಗಿಲ್ಲ!"

"ಮುಳ್ಳಾಗಿದ್ರ ಹೇಳ್ತಿದ್ರಲ್ಲೋ ಮಗನೇ!" ಎಂದು ತಾಯಿ ಗೋಳಾಡಿದಳು. ಬಸಣ್ಣನಿಗೇ ಅನುಮಾನ ಹತ್ತಿತು. ಮೆಲ್ಲಗೆ ಎರಡೂ ಕೈ ತಿರುಗಿಸಿ ಬೆರಳು ನೋಡಿಕೊಂಡ.

ಪುಣ್ಯಕ್ಕೆ ಮಧ್ಯಾಹ್ನ ಸಾಹೇಬರು ಬಂದಿಳಿದರು. ಸಂಗತಿ ಕೇಳಿ ತಿಳಿದು ಶರಣಪ್ಪನವರನ್ನು ಕರೆಸಿದರು. ಬಸಣ್ಣನ ಒಪ್ಪಿಗೆ ಕೇಳಿ ರಿಜಿಸ್ಟರು ತೆರೆದು ಓದಿದರು: "ಬಲಗಾಲು. ಜಾಲಿಮುಳ್ಳು. ತೆಗೆದಾಯಿತು."

ಶರಣಪ್ಪನವರು ಬಸಣ್ಣನ ಹೆಗಲ ಮೇಲೆ ಕೈಯಿಟ್ಟರು. ಅವನ ತಾಯಿ ಕಣ್ಣೊರೆಸಿಕೊಂಡು ನನ್ನತ್ತ ನೋಡಿದಳು. ಆ ನೋಟಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ಸಾಹೇಬರು ಕರೆದರು. "ಇನ್ಮುಂದ ಯಾರರೆ ಕೇಳಿದ್ರ, 'ನನಗೇನೂ ತಿಳಿಯಂಗಿಲ್ಲ' ಅಂದ್ಬಿಡು."

"ಜನ ನಂಬ್ತಾರೇನ್ರಿ, ಸಾಹೇಬ್ರ?"

"ನಿನ್ನ ನೋಡಿದ್ರ ಸಾಕು, ಎಲ್ಲಾರೂ ನಂಬ್ತಾರ."