ಒಂದೇ ಒಲೆಯ ಸುತ್ತ ಕೋಳಿ, ನಾಯಿ ಹಾಗೂ ಅತ್ತೆಯವರು ಚಳಿಗಾಲ ಕಳೆಯುವ ಕುರಿತು

ಸಂಖ್ಯೆ: ಕೋ.ನಾ.ಅ/ಲಾಹೌಲ್/ಹಿಮ/47

ಉಲ್ಲೇಖ: 1. ಮಂಜೂರಾದ ಕೋಳಿಗಳನ್ನು ಮಂಜೂರಾದ ಗೂಡಿನಲ್ಲೇ ಇಡತಕ್ಕದ್ದೆಂಬ ಹಿಂದಿನ ಸುತ್ತೋಲೆ.
2. ಪರಿವೀಕ್ಷಕರ ವರದಿ (ಒಂದು ಮೂಲೆಯನ್ನು ನಾಯಿ ತಿಂದಿರುತ್ತದೆ).

ಪ್ರಸ್ತಾವನೆ:

ಲಾಹೌಲ್ ಕಣಿವೆಯ ಶಿಲಿಂಗ್ ಗ್ರಾಮದ ಶ್ರೀಮತಿ ಯಾಂಗ್ಡೋಲ್ ಅವರಿಗೆ ಇಲಾಖೆಯು ಎಂಟು ಕೋಳಿಗಳನ್ನೂ ಒಂದು ತಗಡಿನ ಗೂಡನ್ನೂ ನೀಡಿತ್ತು. ಸದರಿ ಗೂಡು ಬಯಲುನಾಡಿನ ಬೇಸಿಗೆಗೆ ಅತ್ಯುತ್ತಮವೆಂದು ಪ್ರಮಾಣಿತವಾಗಿರುತ್ತದೆ. ಮೊದಲ ಹಿಮಕ್ಕೇ ಒಂದು ಕೋಳಿ ಅದರೊಳಗೆ ಸೆಟೆದು ಸತ್ತಿತು. ಉಳಿದವುಗಳ ಜುಟ್ಟು ಕಪ್ಪಾದದ್ದನ್ನು ಕಂಡ ಯಾಂಗ್ಡೋಲ್ ಅವರು, ಪೂರ್ವಾನುಮತಿ ಪಡೆಯದೆ, ಮನೆಮಂದಿಯೆಲ್ಲ ಚಳಿಗಾಲ ಕಳೆಯುವ ತಂದೂರ್ ಒಲೆಯ ಕೋಣೆಗೆ ಅವನ್ನು ತಂದುಕೊಂಡರು.

ಅದೇ ಕೋಣೆಯ ನಿವಾಸಿಯಾದ ಸಿಂಗೇ ಎಂಬ ಕುರಿನಾಯಿಯು ಪಕ್ಕದ ಮನೆಯ ಹುಂಜವೊಂದನ್ನು ವಿಲೇವಾರಿ ಮಾಡಿದ ಪೂರ್ವೇತಿಹಾಸ ಹೊಂದಿತ್ತು. ಯಾಂಗ್ಡೋಲ್ ಅದನ್ನು ಹಗ್ಗದಿಂದ ತಮ್ಮ ಸೊಂಟಕ್ಕೇ ಕಟ್ಟಿಕೊಂಡು, ಕೋಳಿಗಳ ನಡುವೆ ಕಸ ಗುಡಿಸಿದರು, ಹಿಟ್ಟು ನಾದಿದರು, ಮಕ್ಕಳಿಗೆ ಥುಕ್ಪಾ ಬಡಿಸಿದರು. ಕೋಳಿ ಮೂಗಿನ ಮೇಲೆ ಹಾದುಹೋದರೂ ನಾಯಿ ಬರೀ ಆಕಳಿಸಿದ ದಿನ ಹಗ್ಗ ಬಿಚ್ಚಲಾಯಿತು.

ಅತ್ತೆ ಪಾಲ್ಮೋ ಅವರಿಗೆ ತಕ್ಕ ಹಗ್ಗ ಮಾತ್ರ ಲಭ್ಯವಾಗಲಿಲ್ಲ. "ನನ್ನ ಮಂಡಿಗೆ ಸಿಗದ ಬೆಂಕಿ ಈ ಮುಂಡೇವಕ್ಕೆ ಬೇಕಾ?" ಎಂಬ ಅವರ ಹೇಳಿಕೆ ಊರೆಲ್ಲ ಸುತ್ತಿ ಇಲಾಖೆಯ ಕಿವಿಗೂ ಬಿದ್ದು, ಪರಿವೀಕ್ಷಕ ಶ್ರೀ ಟೇಕ್‌ಚಂದ್ ಅವರನ್ನು ಜಪ್ತಿ ಆದೇಶ ಸಹಿತ ತನಿಖೆಗೆ ಕಳುಹಿಸಲಾಯಿತು.

"ನಿಯಮ ಅಂದ್ರೆ ನಿಯಮ ಅಕ್ಕಾ. ಗೂಡಿಗೆ ಹಾಕಿ, ಇಲ್ಲಾಂದ್ರೆ ವಾಪಸ್ ಕೊಡಿ," ಎಂದು ತಿಳಿಸಲಾಯಿತು.

"ನೀವೊಂದು ಗಳಿಗೆ ಆ ಗೂಡಲ್ಲಿ ಕೂತು ತೋರಿಸಿ ಸಾಹೇಬ್ರೇ, ಆಮೇಲೆ ನಾನೇ ಹಾಕ್ತೀನಿ," ಎಂದು ಯಾಂಗ್ಡೋಲ್ ಉತ್ತರಿಸಿದರು.

ಪರಿವೀಕ್ಷಕರ ಗಾತ್ರದ ಕಾರಣ ಈ ಸಲಹೆಯನ್ನು ಪರಿಗಣಿಸಲಾಗಲಿಲ್ಲ. ಸಂಜೆ ಅವರೇ ಕೋಳಿಗಳನ್ನು ಹಿಡಿದು ಗೂಡಿಗೆ ಹಾಕಿ ಚಿಲಕ ಜಡಿದರು. ಅಷ್ಟರಲ್ಲಿ ಹಿಮಗಾಳಿ ಎದ್ದು ರಸ್ತೆ ಮುಚ್ಚಿತು. ಒಲೆಯ ಬಳಿ ಪರಿವೀಕ್ಷಕರಿಗೆ ಬೆಣ್ಣೆ ಚಹಾ ಕೊಡಲಾಯಿತು. ಯಾಂಗ್ಡೋಲ್ ಮಾತ್ರ ಬಾಗಿಲಿಗೆ ಕಿವಿಗೊಟ್ಟು ನಿಂತರು. ಗೂಡಿನ ಕಡೆಯಿಂದ ಬರುತ್ತಿದ್ದ ಸದ್ದು ಕಡಿಮೆಯಾದಂತೆ ಆಕೆಯ ಮುಖವೂ ಇಳಿಯಿತು.

ಆಗ, ಅನಿರೀಕ್ಷಿತವಾಗಿ, ಪಾಲ್ಮೋ ಎದ್ದರು. "ಬೈಯೋದು ನನ್ನ ಹಕ್ಕು. ಸಾಯ್ಸೋಕೆ ಇವನ್ಯಾರು?" ಎಂದವರೇ ಮಂಡಿಯನ್ನೂ ಲೆಕ್ಕಿಸದೆ ಹಿಮಕ್ಕಿಳಿದರು. ಸೊಸೆ ಹಿಂದೆಯೇ ಓಡಿದರು. ಇಬ್ಬರೂ ನಿಲುವಂಗಿಯೊಳಗೆ ಕೋಳಿಗಳನ್ನು ತುಂಬಿಕೊಂಡು ಬಂದರು. ಕೊನೆಯದು ಕಣ್ಣು ಮುಚ್ಚಿ ಮರಗಟ್ಟಿತ್ತು. ಪಾಲ್ಮೋ ಅದನ್ನು ಪರಿವೀಕ್ಷಕರ ಮಡಿಲಿಗೆ ಹಾಕಿ, "ತಗೋ, ನಿನ್ನ ನಿಯಮ. ಬದುಕಿಸು," ಎಂದರು.

ಪರಿವೀಕ್ಷಕರು ಅದನ್ನು ಸ್ವೆಟರಿನೊಳಗೆ ಎದೆಗವಚಿಕೊಂಡು ಅಲುಗಾಡದೆ ಕುಳಿತರು. ಬೆಳಗ್ಗೆ ಕೋಳಿ ಅವರ ಗಲ್ಲಕ್ಕೆ ಕುಕ್ಕಿತು. ಯಾಂಗ್ಡೋಲ್ ನಕ್ಕರು, ನಗುತ್ತ ಅತ್ತರು. ಇದಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲದಿದ್ದರೂ ಇಲಾಖೆಯು ಮನ್ನಿಸಿದೆ.

ಆದುದರಿಂದ ಸಂಬಂಧಪಟ್ಟ ಸರ್ವರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

1. ಕೋಳಿಗಳು ಒಲೆಯ ಕೋಣೆಯಲ್ಲಿ ವಾಸಿಸಬಹುದು. ತಗಡಿನ ಗೂಡು ಹೊರಗೇ ವಾಸಿಸತಕ್ಕದ್ದು.

2. ಒಲೆಯ ಸಮೀಪದ ಸ್ಥಾನವನ್ನು ಸೇವಾ ಹಿರಿತನದ ಮೇರೆಗೆ ಹಂಚುವುದು: ಅತ್ತೆ, ನಾಯಿ, ಕೋಳಿ, ಮಕ್ಕಳು, ಸೊಸೆ. ಪರಿವೀಕ್ಷಕರಿಗೆ ಸ್ಥಳ ಉಳಿದಲ್ಲಿ ಮಾತ್ರ.

3. ನಾಯಿಯು ಕೋಳಿಯನ್ನು ನೋಡಬಹುದು, ದೀರ್ಘವಾಗಿ ನೋಡುವಂತಿಲ್ಲ.

4. ಅತ್ತೆಯವರು ಕೋಳಿಗಳನ್ನು ಬೈಯುವ ಹಕ್ಕನ್ನು ಎತ್ತಿಹಿಡಿಯಲಾಗಿದೆ. ಕೋಳಿಗಳ ಮೇಲ್ಮನವಿಯನ್ನು ಹಿಮ ಕರಗಿದ ನಂತರ ಆಲಿಸಲಾಗುವುದು.

5. ಕೋಳಿಯು ಅಧಿಕಾರಿಯ ಟೋಪಿಯಲ್ಲಿ ಮೊಟ್ಟೆಯಿಟ್ಟಲ್ಲಿ, ಮರಿಯಾಗುವವರೆಗೆ ಸದರಿ ಟೋಪಿಯು ಕರ್ತವ್ಯದ ಮೇಲಿದೆಯೆಂದು ಭಾವಿಸತಕ್ಕದ್ದು.

(ಶಾಯಿ ಹೆಪ್ಪುಗಟ್ಟಿದ್ದರಿಂದ ಹೆಬ್ಬೆರಳು ಒತ್ತಿದೆ)
ಅಧೀಕ್ಷಕರು

ಪ್ರತಿ:
1. ಶ್ರೀಮತಿ ಯಾಂಗ್ಡೋಲ್: ಜಪ್ತಿ ಆದೇಶ ರದ್ದಾಗಿದೆ.
2. ಶ್ರೀಮತಿ ಪಾಲ್ಮೋ: ಓದಿ ಹೇಳತಕ್ಕದ್ದು, ದೂರ ನಿಂತು.
3. ಸಿಂಗೇ: ಅವಗಾಹನೆಗೆ, ಅಗಿಯಲು ಅಲ್ಲ.
4. ಶ್ರೀ ಟೇಕ್‌ಚಂದ್: ರಸ್ತೆ ತೆರೆದು ಬಹಳ ದಿನಗಳಾದರೂ ಕಚೇರಿಗೆ ಮರಳದಿರುವುದಕ್ಕೆ ಕಾರಣ ಕೇಳಿ.