ಒನೋಫ್ರೆಯ ಕಿವಿ

ಅನಾಹುತಕ್ಕೆಲ್ಲ ಕಾರಣ ಒನೋಫ್ರೆಯ ಬಲಗಿವಿಯ ಮೇಲೆ ಕೂತ ಒಂದು ಸೊಳ್ಳೆ.

ಸೀನು ಎಂಬ ನದಿಯ ದಂಡೆಯ ನಮ್ಮೂರಲ್ಲಿ ಆ ಕಿವಿ ಬಿಷಪ್ಪರಿಗಿಂತ ಪ್ರಸಿದ್ಧ. ಚುಕ್ಕಿಬಿಲ್ಲೆಗಳ ಡಾಮಿನೋ ಆಡುವಾಗ ಅವನು ಕಿವಿ ಮುಟ್ಟಿದರೆ ಜೊತೆಗಾರ ಅನಿಬಲ್‌ಗೆ 'ನನ್ನ ಹತ್ತಿರ ಐದಿದೆ' ಎಂದರ್ಥ. ಮೂಗು ಮುಟ್ಟಿದರೆ ಆರು. ಹೀಗೆ ಮುಟ್ಟಿಕೊಂಡೇ ಇಬ್ಬರೂ ಕೆರಿಬಿಯನ್ ಕರಾವಳಿಯ ಅರ್ಧದಷ್ಟು ಹಂದಿಗಳನ್ನು ಬಹುಮಾನವಾಗಿ ಗೆದ್ದು ನುಂಗಿದ್ದರು. ಎಲ್ಲರಿಗೂ ಅನುಮಾನ, ಹಿಡಿದವರಿಲ್ಲ. ಆಮೇಲೆ ಒನೋಫ್ರೆ ಯೇಸುವನ್ನು ನಂಬಿ ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ. ಮೊಸಳೆಗಳು ಊಟ ಬಿಟ್ಟು ಬಂದು ನೋಡಿದವು.

ಶನಿವಾರ ಮಾವಿನ ಮರದಡಿ ವರ್ಷದ ಪಂದ್ಯ. ಎದುರಿಗೆ ಕಟುಕ ಎಲಿಯೇಸರ್ ಮತ್ತು ಸದಾ ಕೆಮ್ಮುವ ಅವನ ಭಾವಮೈದ. ಮರಕ್ಕೆ ಕಟ್ಟಿದ ಬಹುಮಾನದ ಹಂದಿ ನಮ್ಮ ಪಾಸ್ಟರಿಗಿಂತ ದಪ್ಪ.

"ಏನಪ್ಪಾ ಸಂತ," ಎಂದ ಎಲಿಯೇಸರ್, "ನಿನ್ನ ದೇವರನ್ನ ಒಂದ್ಸಲ ತೋರ್ಸು, ನಾನೂ ನಂಬ್ತೀನಿ."

"ದೇವರನ್ನ ತೋರ್ಸೋ ಅಷ್ಟು ಓದಿಲ್ಲ ನಾನು. ನನ್ನನ್ನ ತೋರಿಸ್ತೀನಿ. ನಿನ್ನೆ ಹೇಗಿದ್ದೆ ಅಂತ ನಿಂಗೊತ್ತು. ಇವತ್ತು ಹೇಗಿದೀನಿ ನೋಡ್ಕೋ."

ಆಗಲೇ ಆ ಸೊಳ್ಳೆ ಕಚ್ಚಿದ್ದು. ಕಿವಿ ಬದನೆಕಾಯಿಯಷ್ಟು ಊದಿತು. ಊರಿಡೀ ಅದನ್ನೇ ನೋಡುತ್ತಿತ್ತು. ಕೆರೆದರೆ ಹಳೇ ಸನ್ನೆಯೇ ಅಂದುಕೊಳ್ಳುತ್ತಾರೆ, ಈಗಷ್ಟೇ ಹೇಳಿದ ಸಾಕ್ಷಿ ಮಣ್ಣುಪಾಲು. ಒನೋಫ್ರೆ ಎರಡೂ ಕೈಗಳನ್ನು ತೊಡೆಯಡಿ ಹಾಕಿ ಕೂತ. ಆಡಬೇಕಾದಾಗ ಮಾತ್ರ ಒಂದನ್ನು ಹೊರತೆಗೆದ.

"ಕೆರ್ಕೊಳ್ಳೋ ಮಾರಾಯ," ಎಂದು ಅನಿಬಲ್ ಗೋಗರೆದ. "ತುರಿಕೆ ಪಾಪ ಅಲ್ಲ."

"ಕೆರ್ಕೊಂಡ್ರೆ, ನನ್ನ ಕೈಲಿ ಐದೇ ಇಲ್ಲ ಅಂದ್ರೂ ನೀನು ಐದು ಹಾಕ್ತೀಯ. ಸುಮ್ನಿರು."

ಕಳ್ಳಾಟವಿಲ್ಲದೆ ಒನೋಫ್ರೆಗೆ ಡಾಮಿನೋ ಬರುವುದೇ ಇಲ್ಲ ಎಂಬುದು ಅಂದು ಜಗಜ್ಜಾಹೀರಾಯಿತು. ಇತಿಹಾಸದಲ್ಲಿ ಯಾರೂ ಹಾಗೆ ಸೋತಿಲ್ಲ. ಮರದ ಮೇಲಿನ ಗಿಳಿಗಳೂ ಮುಖ ತಿರುಗಿಸಿದವು.

ಹಂದಿಯ ಹಗ್ಗ ಬಿಚ್ಚುತ್ತ ಎಲಿಯೇಸರ್ ಆ ಕಿವಿಯನ್ನು ತುಂಬಾ ಹೊತ್ತು ನೋಡಿದ. ನಗಲಿಲ್ಲ.

ಸಂಜೆ ಪ್ರಾರ್ಥನೆಗೆ ಅವನೇ ಬಂದ, ಎದ್ದು ನಿಂತ.

"ಆ ಕೈಗಳನ್ನ ಹಿಡ್ಕೊಂಡಿದ್ದ ದೇವರು ನನ್ನನ್ನೂ ಹಿಡ್ಕೊಳ್ಳಲಿ," ಎಂದು ಅತ್ತ. "ನಾನೂ ಇಷ್ಟು ವರ್ಷ ಕಳ್ಳಾಟ ಆಡ್ದೋನೇ. ಆಡಿಯೂ ಸೋಲ್ತಿದ್ದೆ. ಇವತ್ತೂ ಆಡಿದೀನಿ. ನನ್ನ ಭಾವಮೈದನ ಕೆಮ್ಮು ನಿಜವಾದ ಕೆಮ್ಮಲ್ಲ."

ಸಭೆಯೆಲ್ಲ ಸ್ತೋತ್ರ ಎಂದು ಗುಡುಗಿತು. ಒನೋಫ್ರೆಯ ಹೆಂಡತಿ ಎದುವಿಹೆಸ್ ಮಾತ್ರ ಗಂಡನ ಪಕ್ಕೆಗೆ ತಿವಿದಳು. "ಹಾಗಾದ್ರೆ ಹಂದಿ ನಮ್ದಲ್ವಾ? ಎಲ್ಲಿದೆ ಅದು?"

ಹಿತ್ತಲಿನಿಂದ ಘಮ್ಮೆಂದಿತು. ಪಶ್ಚಾತ್ತಾಪದ ಕಾಣಿಕೆಯೆಂದು ಎಲಿಯೇಸರ್ ಹಂದಿಯನ್ನು ಆಗಲೇ ಕಡಿದು ಸಭೆಯ ಹಂಡೆಗೆ ಹಾಕಿಸಿದ್ದ.

ಹೊಸ ವಿಶ್ವಾಸಿ ಎಲಿಯೇಸರ್‌ಗೆ ಮೊದಲ ಬಟ್ಟಲು. ಒನೋಫ್ರೆಯ ಸರದಿ ಬರುವಾಗ ಹಂಡೆಯಲ್ಲಿ ಉಳಿದಿದ್ದು ಮರಗೆಣಸು.

ಬೇಲಿಯಾಚೆಯಿಂದ ಅನಿಬಲ್ ಇಣುಕಿದ. "ಹಂದಿ ಹೋಯ್ತು, ಮರ್ಯಾದೆ ಹೋಯ್ತು. ನಿನ್ನ ದೇವರು ಕೊಟ್ಟಿದ್ದೇನೋ?"

ಒನೋಫ್ರೆ ಗೆಣಸು ಅಗಿದು ನುಂಗಿ, ಊದಿದ ಕಿವಿಯನ್ನು ಅವನತ್ತ ತಿರುಗಿಸಿದ.

"ಇದನ್ನ. ಸರಿಯಾಗಿ ನೋಡ್ಕೋ, ಮುಂದಿನ ವರ್ಷಾನೂ ಮುಟ್ಟಲ್ಲ. ಜೊತೆಗೆ ಬಾ, ಸೋಲೋಣ."